ಇಖ್ಲಾಸ್ ಯಾರದು, ಕೂಲಿ ಯಾರದು?

ಕಳೆದ ವರ್ಷ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ವಾರ್ಷಿಕ ಮಹಾಸಭೆ ನಡೆಯಿತು. ಕಾರ್ಯದರ್ಶಿಯವರು ಲೆಕ್ಕಪತ್ರ ಓದಿದರು. ಹೊಸ ಕಾರ್ಪೆಟ್ ಹಾಸುವ ವಿಷಯ ಐದು ನಿಮಿಷಗಳಲ್ಲಿ ಅಂಗೀಕಾರವಾಯಿತು. ಧ್ವನಿವರ್ಧಕ ಬದಲಾಯಿಸುವುದಕ್ಕೂ ಯಾರೂ ಆಕ್ಷೇಪವೆತ್ತಲಿಲ್ಲ. ಮೂರನೆಯದಾಗಿ ಇಮಾಮರ ವೇತನ ಹೆಚ್ಚಳದ ಪ್ರಸ್ತಾಪ ಬಂದಾಗ ಸಭೆಗೆ ಇದ್ದಕ್ಕಿದ್ದಂತೆ ಮಿತವ್ಯಯದ ನೆನಪಾಯಿತು. ಹಿರಿಯರೊಬ್ಬರು ಎದ್ದು, "ದೀನಿನ ಕೆಲಸಕ್ಕೆ ಬೆಲೆ ಕಟ್ಟಲು ನಮ್ಮಿಂದಾದೀತೇ? ಅದರ ಪ್ರತಿಫಲ ಅಲ್ಲಾಹನ ಬಳಿ ಇದೆ" ಎಂದರು. ಹಲವರು ತಲೆದೂಗಿದರು. ನಾನೂ ತಲೆದೂಗಿದೆ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಇಮಾಮರು ಮಿಹ್ರಾಬಿನ ಬಳಿ ತಲೆ ತಗ್ಗಿಸಿ ಕುಳಿತಿದ್ದರು.

ಮನೆಗೆ ಮರಳುವ ದಾರಿಯಲ್ಲಿ ಆ ಮಾತು ನನ್ನನ್ನು ಕಾಡತೊಡಗಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದೀನಿನ ಸೇವೆಯ ನಿಜವಾದ ಪ್ರತಿಫಲ ಅಲ್ಲಾಹನ ಬಳಿಯೇ ಇದೆ. ಆದರೆ ಅದನ್ನು ಯಾರು ಯಾರಿಗೆ ಹೇಳಬೇಕು? ಇಮಾಮರು ಅದನ್ನು ತಮಗೆ ತಾವೇ ಹೇಳಿಕೊಂಡಿದ್ದರೆ ಅದು ಇಖ್ಲಾಸ್. ಅವರಿಗೆ ವೇತನ ಕೊಡಬೇಕಾದ ನಾವು ಅವರಿಗೆ ಹೇಳಿದಾಗ ಅದು ಬಾಕಿ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯವಾಯಿತು. ಮಾತು ಒಂದೇ, ಆಡಿದ ಬಾಯಿ ಬೇರೆಯಾದಾಗ ಅದರ ಅರ್ಥವೇ ತಿರುಗಿಬಿದ್ದಿತು.

ಮನುಷ್ಯನ ಕೆಲಸಕ್ಕೆ ಎರಡು ಪ್ರೇರಣೆಗಳಿವೆ. ಒಂದು ಒಳಗಿನದು. ಕೆಲಸದ ಮೇಲಿನ ಪ್ರೀತಿ, ಕರ್ತವ್ಯಪ್ರಜ್ಞೆ, ಪರರ ನೋವಿಗೆ ಮಿಡಿಯುವ ಮನಸ್ಸು ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ ಅಲ್ಲಾಹನ ಸಂಪ್ರೀತಿಯ ಹಂಬಲ. ಇನ್ನೊಂದು ಹೊರಗಿನದು. ಸಂಬಳ, ಬಹುಮಾನ, ಹೊಗಳಿಕೆ, ಪದವಿ, ಶಿಕ್ಷೆಯ ಭಯ. ಇಸ್ಲಾಮ್ ಮೊದಲನೆಯದಕ್ಕೆ ಎಂತಹ ಸ್ಥಾನ ಕೊಟ್ಟಿದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇಮಾಮ್ ಬುಖಾರಿ(ರ)ಯವರು ತಮ್ಮ ಹದೀಸ್ ಸಂಗ್ರಹವನ್ನು ಆರಂಭಿಸಿರುವುದೇ ನಿಯ್ಯತ್ತಿನ ಹದೀಸಿನಿಂದ. ಇಮಾಮ್ ನವವಿ(ರ)ಯವರ ನಲ್ವತ್ತು ಹದೀಸ್‌ಗಳ ಸಂಗ್ರಹದ ಆರಂಭವೂ ಅದರಿಂದಲೇ. ಕರ್ಮದ ಮೌಲ್ಯ ಅದರ ಉದ್ದೇಶದಲ್ಲಿದೆ ಎಂಬುದು ನಮ್ಮ ಮಕ್ಕಳು ಮದ್ರಸದಲ್ಲಿ ಮೊದಲು ಕಲಿಯುವ ಪಾಠಗಳಲ್ಲೊಂದು.

ಕುತೂಹಲದ ಸಂಗತಿಯೆಂದರೆ, ಮನಃಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಕಳೆದ ಐವತ್ತು ವರ್ಷಗಳಲ್ಲಿ ತಮ್ಮದೇ ದಾರಿಯಲ್ಲಿ ನಡೆದು ಇದೇ ವಿಷಯದ ಬಾಗಿಲಿಗೆ ಬಂದು ನಿಂತಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಬಹಳ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಕಟ್ಟಿದ, ಚಿನ್ನದ ಬಣ್ಣದ ಮುದ್ರೆಯಿರುವ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಎರಡನೆಯ ಗುಂಪಿಗೆ ಏನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಪ್ರಮಾಣಪತ್ರ ಕೊಡಲಾಯಿತು. ಮೂರನೆಯ ಗುಂಪಿಗೆ ಏನೂ ಇಲ್ಲ. ಕೆಲವು ದಿನಗಳ ನಂತರ ಮತ್ತೆ ಪೆನ್ನುಗಳನ್ನು ಮಕ್ಕಳ ಮುಂದಿಟ್ಟಾಗ, ಬಹುಮಾನದ ಒಪ್ಪಂದದ ಮೇಲೆ ಚಿತ್ರ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯವನ್ನು ಮಾತ್ರ ಅದಕ್ಕೆ ಕೊಟ್ಟರು. ಆಟವಾಗಿದ್ದುದು ಕೂಲಿಯಾಗಿಬಿಟ್ಟಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಂದಿರಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮತ್ತೆ ಬರೋಣ.

ಇನ್ನೊಂದು ಉದಾಹರಣೆ ರಕ್ತದಾನದ್ದು. ನಮ್ಮ ಯುವಕರಿಗೆ ಇದು ಹೊಸ ವಿಷಯವಲ್ಲ. ಕರಾವಳಿಯಲ್ಲಿ ರಕ್ತದಾನ ಶಿಬಿರ ನಡೆಸದ ಯುವಕರ ಸಂಘ ವಿರಳ. ನಮ್ಮ ದೇಶದಲ್ಲಿ ಒಂದು ಕಾಲದಲ್ಲಿ ಹಣಕ್ಕಾಗಿ ರಕ್ತ ಮಾರುವವರನ್ನೇ ಆಸ್ಪತ್ರೆಗಳು ನೆಚ್ಚಿಕೊಂಡಿದ್ದವು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ಪದ್ಧತಿ ನಿಷೇಧವಾಯಿತು. ಹಣದ ಅಗತ್ಯವುಳ್ಳವನು ತನ್ನ ರೋಗವನ್ನು ಮುಚ್ಚಿಡುತ್ತಾನೆ, ಕೊಡುವ ಮನಸ್ಸಿನಿಂದ ಬಂದವನಿಗೆ ಮುಚ್ಚಿಡುವ ಕಾರಣವೇ ಇರುವುದಿಲ್ಲ ಎಂಬುದು ಇದರ ಹಿಂದಿನ ಸರಳ ತರ್ಕ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸೂಕ್ಷ್ಮವಾದುದನ್ನು ತೋರಿಸಿತು. ರಕ್ತದಾನಿಗಳಾಗಲು ಸಿದ್ಧರೇ ಎಂದು ಕೇಳಿದಾಗ ಮಹಿಳೆಯರಲ್ಲಿ ಶೇಕಡಾ 52ರಷ್ಟು ಮಂದಿ ಒಪ್ಪಿದರು. ಸಣ್ಣ ಮೊತ್ತದ ಹಣ ಕೊಡುವುದಾಗಿ ಹೇಳಿದಾಗ ಒಪ್ಪಿದವರ ಪ್ರಮಾಣ ಶೇಕಡಾ 30ಕ್ಕೆ ಇಳಿಯಿತು. ಆ ಹಣವನ್ನು ದಾನವಾಗಿ ಕೊಟ್ಟುಬಿಡಬಹುದು ಎಂಬ ಅವಕಾಶ ಇಟ್ಟೊಡನೆ ಮತ್ತೆ ಶೇಕಡಾ 53ಕ್ಕೇರಿತು. ಪುರುಷರಲ್ಲಿ ಇಂತಹ ಬದಲಾವಣೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಆ ಮಹಿಳೆಯರ ಉತ್ತರ ಅರ್ಥಪೂರ್ಣವಾದುದು. ತಮ್ಮ ಸತ್ಕರ್ಮಕ್ಕೆ ಅಗ್ಗದ ಬೆಲೆ ಕಟ್ಟುವುದನ್ನು ಅವರು ಸಹಿಸಲಿಲ್ಲ.

ಇಲ್ಲಿಯವರೆಗೆ ಓದಿದವರು, "ಹಾಗಾದರೆ ಆ ಹಿರಿಯರು ಹೇಳಿದ್ದು ಸರಿಯೇ ಆಯಿತಲ್ಲ? ಹಣ ಬಂದಲ್ಲಿ ಇಖ್ಲಾಸ್ ಹೋಗುತ್ತದೆ, ಆದ್ದರಿಂದ ಇಮಾಮರಿಗೆ ಹೆಚ್ಚು ಕೊಡದಿರುವುದೇ ಅವರಿಗೆ ಹಿತ" ಎನ್ನಬಹುದು. ಅನೇಕರು ಈ ಅರ್ಧ ಸತ್ಯದಲ್ಲೇ ನಿಂತುಬಿಡುತ್ತಾರೆ. ಇನ್ನರ್ಧವನ್ನು ನೋಡದಿದ್ದರೆ ಈ ಅರ್ಧ ಅನ್ಯಾಯದ ಆಯುಧವಾಗುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳೊಂದಿಗೆ ನಡೆಸಿ 2020ರ ಸುಮಾರಿಗೆ ಪ್ರಕಟಿಸಿದ ಅಧ್ಯಯನ ಈ ಇನ್ನರ್ಧದ ಮೇಲೆ ಬೆಳಕು ಚೆಲ್ಲುತ್ತದೆ. ಒಬ್ಬ ಕೆಲಸಗಾರನಿಗೆ ತನ್ನ ಕೆಲಸವೆಂದರೆ ಪ್ರೀತಿ ಎಂದು ತಿಳಿದೊಡನೆ, ಅವನಿಂದ ಸಂಬಳವಿಲ್ಲದೆ ಹೆಚ್ಚು ಕೆಲಸ ಮಾಡಿಸಿಕೊಳ್ಳುವುದು, ರಜೆಯ ದಿನವೂ ದುಡಿಸುವುದು ತಪ್ಪಲ್ಲವೆಂದು ನೋಡುಗರಿಗೆ ತೋರುತ್ತದೆ. ಇಷ್ಟಪಟ್ಟು ಮಾಡುವವನಿಗೆ ಆ ಇಷ್ಟವೇ ಸಂಬಳ ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಹೀಗೆ ಒಬ್ಬನ ಒಳಗಿನ ಬೆಳಕೇ ಅವನನ್ನು ದೋಚುವವರಿಗೆ ದಾರಿ ತೋರಿಸುತ್ತದೆ.

ನಮ್ಮ ದೇಶದ ಆಶಾ ಕಾರ್ಯಕರ್ತೆಯರನ್ನು ನೋಡಿರಿ. 2005ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಇಂದು ಸುಮಾರು ಹತ್ತು ಲಕ್ಷ ಮಹಿಳೆಯರಿದ್ದಾರೆ. ಗರ್ಭಿಣಿಯನ್ನು ಮಧ್ಯರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವರು ಅವರು. ಕೊರೋನಾ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿ, ಎಷ್ಟೋ ಬಾರಿ ಬೈಗುಳ ತಿಂದವರೂ ಅವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. ಆದರೆ ಸರಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರು ಪಡೆಯುವುದು ವೇತನವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ ಖಚಿತವಾದ ಒಂದು ಮೊತ್ತವನ್ನು ಕೇಳಬೇಕಾಯಿತು. ಗೌರವ ಎಂಬ ಪದವನ್ನು ಧನದ ಹಿಂದೆ ಅಂಟಿಸಿದ ಮಾತ್ರಕ್ಕೆ ಗೌರವ ಬರುವುದಿಲ್ಲ. ಸೇವೆ ಎಂಬ ಸುಂದರ ಪದ ಇಲ್ಲಿ ಸಂಬಳದ ಜಾಗವನ್ನು ತುಂಬಲು ಬಳಕೆಯಾಗಿದೆ.

ಸರಕಾರದತ್ತ ಬೆರಳು ತೋರಿಸುವುದು ಸುಲಭ. ಅದೇ ಬೆರಳನ್ನು ನಮ್ಮ ಜಮಾಅತಿನತ್ತ ತಿರುಗಿಸೋಣ. ಅಖಿಲ ಭಾರತ ಇಮಾಮ್ ಸಂಘಟನೆಯ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್, ವಕ್ಫ್ ಮಂಡಳಿಗಳ ಅಧೀನದ ಮಸೀದಿಗಳ ಇಮಾಮರು ವೇತನಕ್ಕೆ ಅರ್ಹರು ಎಂದು ತೀರ್ಪಿತ್ತಿತು. ಧಾರ್ಮಿಕ ಸೇವೆಗೆ ವೇತನದ ಹಕ್ಕಿಲ್ಲ ಎಂಬ ವಾದವನ್ನು ಅಂದು ನ್ಯಾಯಾಲಯದಲ್ಲಿ ಮುಂದಿಟ್ಟವರು ಹೊರಗಿನವರಲ್ಲ, ನಮ್ಮವರೇ. ನಮ್ಮ ಮೊಹಲ್ಲಾದ ಸಭೆಯಲ್ಲಿ ಕೇಳಿಬಂದ ಮಾತು ಅದರದೇ ಪ್ರತಿಧ್ವನಿ.

ಇಮಾಮರ ದಿನಚರಿಯನ್ನು ಒಮ್ಮೆ ನೆನೆಯಿರಿ. ಫಜ್ರ್‌ಗೆ ನಮಗಿಂತ ಮೊದಲು ಎದ್ದಿರಬೇಕು. ಇಶಾ ಮುಗಿದು ನಾವೆಲ್ಲ ಹೊರಟ ಮೇಲೆ ಬಾಗಿಲು ಹಾಕಬೇಕು. ಅದರ ನಡುವೆ ಮದ್ರಸ, ನಿಕಾಹ್, ಮಯ್ಯಿತ್, ಗಂಡ ಹೆಂಡಿರ ಜಗಳದ ರಾಜಿ. ವಾರದ ರಜೆಯಿಲ್ಲ, ನಿವೃತ್ತಿಯ ಭದ್ರತೆಯಿಲ್ಲ, ಖಾಯಿಲೆ ಬಿದ್ದರೆ ಬದಲಿ ಇಮಾಮರನ್ನು ಅವರೇ ಹುಡುಕಿಕೊಡಬೇಕಾದ ಮೊಹಲ್ಲಾಗಳೂ ಇವೆ. ತನ್ನ ಮಗಳ ಶಾಲಾ ಶುಲ್ಕಕ್ಕೆ ಊರಿನ ಶ್ರೀಮಂತರ ಮುಂದೆ ನಿಲ್ಲಬೇಕಾದ ಇಮಾಮರು ಶುಕ್ರವಾರ ಅದೇ ಶ್ರೀಮಂತರ ತಪ್ಪನ್ನು ಮಿಂಬರಿನಿಂದ ಹೇಳಬಲ್ಲರೇ? ಕಡಿಮೆ ವೇತನ ಅವರ ಇಖ್ಲಾಸನ್ನು ಕಾಪಾಡುವುದಿಲ್ಲ, ಅದನ್ನು ಪ್ರತಿದಿನ ಪರೀಕ್ಷೆಗೆ ಒಡ್ಡುತ್ತದೆ. ಹಸಿವಿನ ಲೆಕ್ಕದಲ್ಲಿ ಮುಳುಗಿದ ಮನಸ್ಸಿಗೆ ಕೆಲಸದ ಸವಿಯನ್ನು ಅನುಭವಿಸಲು ಬಿಡುವೆಲ್ಲಿ?

ನಮ್ಮ ವಿದ್ವಾಂಸರು ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎದುರಿಸಿದ್ದಾರೆ. ಹನಫೀ ಮದ್ಹಬಿನ ಆರಂಭಕಾಲದ ವಿದ್ವಾಂಸರು ಕುರ್‌ಆನ್ ಬೋಧನೆ, ಇಮಾಮತ್ತು ಮತ್ತು ಅದಾನಿಗೆ ಕೂಲಿ ಪಡೆಯುವುದನ್ನು ಒಪ್ಪಿರಲಿಲ್ಲ. ಅವರ ಕಾಲದಲ್ಲಿ ಇಂತಹವರ ಜೀವನ ನಿರ್ವಹಣೆಗೆ ಬೈತುಲ್‌ಮಾಲ್‌ನಿಂದ ನೆರವು ದೊರೆಯುತ್ತಿತ್ತು. ಆ ನೆರವು ನಿಂತುಹೋದಾಗ, ಬೋಧಕರು ಹೊಟ್ಟೆಪಾಡಿಗಾಗಿ ಬೇರೆ ಉದ್ಯೋಗ ಹಿಡಿದರೆ ಕುರ್‌ಆನ್ ಕಲಿಕೆಯೇ ಕೈತಪ್ಪೀತೆಂದು ಮನಗಂಡ ನಂತರದ ಹನಫೀ ವಿದ್ವಾಂಸರು ವೇತನವನ್ನು ಅನುಮತಿಸಿದರು. ಕರಾವಳಿಯಲ್ಲಿ ಬಹುಜನರು ಅನುಸರಿಸುವ ಶಾಫಿಈ ಮದ್ಹಬ್ ಕುರ್‌ಆನ್ ಬೋಧನೆಯ ವೇತನವನ್ನು ಮೊದಲಿನಿಂದಲೂ ಒಪ್ಪಿದೆ. ಗಮನಿಸಬೇಕಾದುದೇನೆಂದರೆ, ವೇತನ ಬೇಡವೆಂದ ಕಾಲದಲ್ಲೂ ಸಮಾಜ ಅವರನ್ನು ಉಪವಾಸ ಬಿಟ್ಟಿರಲಿಲ್ಲ. ನಾವಾದರೋ ಆ ಹಳೆಯ ಅಭಿಪ್ರಾಯದ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಹ. ಅಬೂಬಕರ್ ಸಿದ್ದೀಕ್(ರ)ರ ಜೀವನದ ಘಟನೆಯೊಂದು ಎಲ್ಲರಿಗೂ ತಿಳಿದಿದೆ. ಖಲೀಫರಾದ ಮೇಲೂ ಅವರು ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ಎಂದಿನಂತೆ ಪೇಟೆಗೆ ಹೊರಟರು. ದಾರಿಯಲ್ಲಿ ಕಂಡ ಹ. ಉಮರ್(ರ) ಅವರನ್ನು ತಡೆದರು. ಮುಸ್ಲಿಮರ ಹೊಣೆ ಹೊತ್ತವರು ವ್ಯಾಪಾರಕ್ಕೆ ಹೋದರೆ ಹೇಗೆ ಎಂಬುದು ಅವರ ಪ್ರಶ್ನೆ. ಕುಟುಂಬವನ್ನು ಸಾಕುವುದು ಹೇಗೆ ಎಂಬುದು ಖಲೀಫರ ಮರುಪ್ರಶ್ನೆ. ಕೊನೆಗೆ ಬೈತುಲ್‌ಮಾಲ್‌ನಿಂದ ಅವರಿಗೆ ಭತ್ಯೆ ನಿಗದಿಯಾಯಿತು. ತಮ್ಮ ಅಂತಿಮ ಕಾಲದಲ್ಲಿ, ಆ ಭತ್ಯೆಯಿಂದ ಉಳಿದುದನ್ನು ಮರಳಿ ಒಪ್ಪಿಸುವಂತೆ ಅವರು ತಿಳಿಸಿದರು. ಅವರ ಇಖ್ಲಾಸಿಗಿಂತ ದೊಡ್ಡ ಇಖ್ಲಾಸ್ ಯಾರದು? ಆದರೂ ಸಂಗಾತಿಗಳು, "ನಿಮ್ಮ ಪ್ರತಿಫಲ ಅಲ್ಲಾಹನ ಬಳಿ ಇದೆ" ಎಂದು ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಕೊಡುವುದು ಸಮಾಜದ ಪಾಲಿನ ಕರ್ತವ್ಯವಾಗಿತ್ತು. ಮರಳಿಸುವುದು ಅವರ ಸ್ವಂತ ಔದಾರ್ಯವಾಗಿತ್ತು.

ಆದರೆ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಸೂರಃ ಅಲ್ ಕಸಸ್‌ನಲ್ಲಿ ಬರುವ ಪ್ರವಾದಿ ಮೂಸಾ(ಅ)ರ ವೃತ್ತಾಂತ. ಈಜಿಪ್ಟಿನಿಂದ ತಪ್ಪಿಸಿಕೊಂಡು, ಕೈಯಲ್ಲಿ ಏನೂ ಇಲ್ಲದೆ, ಗುರುತಿನವರಾರೂ ಇಲ್ಲದೆ ಅವರು ಮದ್ಯನ್‌ನ ನೀರಿನ ತಾಣವನ್ನು ತಲುಪುತ್ತಾರೆ. ಕುರುಬರ ಗುಂಪು ತಮ್ಮ ಜಾನುವಾರುಗಳಿಗೆ ನೀರುಣಿಸುತ್ತಿದೆ. ಇಬ್ಬರು ಯುವತಿಯರು ತಮ್ಮ ಆಡುಗಳನ್ನು ತಡೆದುಕೊಂಡು ದೂರ ನಿಂತಿದ್ದಾರೆ. ತಂದೆ ವೃದ್ಧರು, ಗುಂಪು ಚದುರುವವರೆಗೆ ತಮಗೆ ಸರದಿಯಿಲ್ಲ. ಮೂಸಾ(ಅ) ಆ ಆಡುಗಳಿಗೆ ನೀರುಣಿಸಿ, ಏನನ್ನೂ ಕೇಳದೆ ನೆರಳಿಗೆ ಸರಿದು ತಮ್ಮ ಪ್ರಭುವಿನೊಡನೆ ಮಾತ್ರ ತಮ್ಮ ಅಗತ್ಯವನ್ನು ತೋಡಿಕೊಳ್ಳುತ್ತಾರೆ. ಇದು ಇಖ್ಲಾಸ್. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ಯುವತಿಯರಲ್ಲೊಬ್ಬಳು ಲಜ್ಜೆಯಿಂದ ನಡೆದುಬಂದು, ನೀರುಣಿಸಿದ್ದರ ಕೂಲಿ ಕೊಡಲು ತಂದೆ ಕರೆಯುತ್ತಿದ್ದಾರೆಂದು ತಿಳಿಸುತ್ತಾಳೆ.

ಮಾಡಿದವನು ಕೇಳಲಿಲ್ಲ, ಪಡೆದವನು ಕೊಡದೆ ಬಿಡಲಿಲ್ಲ. ವೃದ್ಧ ತಂದೆಗೆ ಆ ಅಪರಿಚಿತನ ಇಖ್ಲಾಸ್ ಕೂಲಿ ಉಳಿಸಿಕೊಳ್ಳಲು ನೆಪವಾಗಲಿಲ್ಲ. ಮುಂದೆ ಅವರ ನಡುವೆ ಒಪ್ಪಂದವಾಗುತ್ತದೆ. ಎಂಟು ವರ್ಷಗಳ ದುಡಿಮೆ ಕಡ್ಡಾಯ, ಹತ್ತು ಪೂರೈಸಿದರೆ ಅದು ಮೂಸಾ(ಅ)ರ ಸ್ವಂತ ಇಚ್ಛೆ, ಕಷ್ಟ ಕೊಡುವ ಉದ್ದೇಶ ತನಗಿಲ್ಲ ಎಂದು ಆ ವೃದ್ಧರು ಸ್ಪಷ್ಟಪಡಿಸುತ್ತಾರೆ. ಮೂಸಾ(ಅ) ದೀರ್ಘವಾದ ಅವಧಿಯನ್ನೇ ಪೂರ್ಣಗೊಳಿಸಿದರೆಂದು ಇಬ್ನು ಅಬ್ಬಾಸ್(ರ)ರ ವರದಿಯಿದೆ. ಎಂಟು ಒಪ್ಪಂದ, ಎರಡು ಔದಾರ್ಯ. ಎಂಟಕ್ಕೆ ಸರಿಯಾಗಿ ಬೆಲೆ ಕೊಟ್ಟ ಮಾಲಕನಿಗೆ ಎರಡು ತಾನಾಗಿಯೇ ದೊರೆಯಿತು. ನಾವಾದರೋ ಎಂಟನ್ನು ಕೊಡದೆ ಎರಡನ್ನು ನಿರೀಕ್ಷಿಸುತ್ತೇವೆ.

ಆ ಶಿಶುವಿಹಾರದ ಪ್ರಯೋಗಕ್ಕೆ ಈಗ ಮರಳೋಣ. ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಆಸಕ್ತಿ ಕುಂದಲಿಲ್ಲ. ಅಂದರೆ ಮನಸ್ಸನ್ನು ಕೆಡಿಸಿದ್ದು ಬಹುಮಾನವಲ್ಲ, ಬಹುಮಾನಕ್ಕಾಗಿಯೇ ಮಾಡು ಎಂಬ ಆಮಿಷ. ಆಮಿಷವಾಗಿ ಬಂದ ಹಣ ಮನುಷ್ಯನನ್ನು ಕುಗ್ಗಿಸುತ್ತದೆ. ಹಕ್ಕಾಗಿಯೋ ಗೌರವವಾಗಿಯೋ ಬಂದ ಹಣ ಅವನನ್ನು ನಿಶ್ಚಿಂತೆಯಿಂದ ಕೆಲಸದಲ್ಲಿ ತೊಡಗಿಸುತ್ತದೆ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಆದೇಶಿಸಿದರಲ್ಲ, ಅದರಲ್ಲಿ ಹೊಟ್ಟೆಯ ಕಾಳಜಿಯೂ ಇದೆ, ಮಾನದ ಕಾಳಜಿಯೂ ಇದೆ. ಬೆವರು ಆರಿದ ಮೇಲೆ ಕೊಡುವುದು ಉಪಕಾರದಂತೆ ಕಾಣತೊಡಗುತ್ತದೆ.

ಆದ್ದರಿಂದ ನಿಯಮ ಸರಳ. ಇಖ್ಲಾಸ್ ನಾನು ನನ್ನಿಂದ ಕೇಳಬೇಕಾದುದು. ಕೂಲಿ ನಾನು ಪರರಿಗೆ ಕೊಡಬೇಕಾದುದು. ನಮ್ಮ ಸಮಾಜದಲ್ಲಿ ಇದು ತಿರುಗುಮುರುಗಾಗಿದೆ. ನಾವು ಪರರಿಂದ ಇಖ್ಲಾಸನ್ನು ಬಯಸುತ್ತೇವೆ, ನಮಗೆ ಮಾತ್ರ ಪ್ರತಿಫಲ ಬೇಕು. ಇಮಾಮರು ಎಲೆಮರೆಯ ಕಾಯಿಯಾಗಿರಬೇಕು, ನಾವು ಕೊಟ್ಟ ಅಕ್ಕಿಯ ಕಿಟ್‌ನ ಫೋಟೋ ಮಾತ್ರ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಬೇಕು. ಮನೆಗೆಲಸದಾಕೆ ಮನೆಯವಳಂತೆ ದುಡಿಯಬೇಕು, ರಜೆ ಕೇಳಿದರೆ ಮಾತ್ರ ಅವಳು ಹೊರಗಿನವಳು. ಬಡವನಿಗೂ ಅನಾಥನಿಗೂ ಸೆರೆಯಾಳಿಗೂ ಉಣಿಸಿ, ಪ್ರತಿಫಲವನ್ನೂ ಕೃತಜ್ಞತೆಯನ್ನೂ ಬಯಸದವರನ್ನು ಸೂರಃ ಅಲ್ ಇನ್ಸಾನ್ ಪ್ರಶಂಸಿಸುತ್ತದೆ. ಬಯಸದಿರುವುದು ಕೊಡುವವನ ಗುಣವಾಗಿ ಅಲ್ಲಿ ಬಂದಿದೆ. ಪಡೆಯುವವನು ಕೃತಘ್ನನಾಗಲು ಅದು ಪರವಾನಗಿಯಲ್ಲ.

ಮಕ್ಕಳ ವಿಷಯದಲ್ಲಿ ಹೆತ್ತವರು ಒಂದಿಷ್ಟು ಯೋಚಿಸಬೇಕು. ಒಂದು ಸೂರಃ ಕಂಠಪಾಠ ಮಾಡಿದರೆ ಇಷ್ಟು ರೂಪಾಯಿ, ಐದು ಹೊತ್ತು ನಮಾಝ್ ಮಾಡಿದರೆ ಸೈಕಲ್ ಎಂಬ ಒಪ್ಪಂದ ಇಂದು ಹಲವು ಮನೆಗಳಲ್ಲಿದೆ. ಉದ್ದೇಶ ಒಳ್ಳೆಯದೇ. ಆದರೆ ಸೈಕಲ್ ಬಂದ ಮೇಲೆ ನಮಾಝ್ ಏಕೆ ಎಂಬ ಪ್ರಶ್ನೆ ಆ ಪುಟ್ಟ ಮನಸ್ಸಿನಲ್ಲಿ ಮೂಡಿದರೆ ಅದಕ್ಕೆ ಉತ್ತರ ಹೇಳುವವರು ಯಾರು? ಮೊದಲೇ ಬೆಲೆ ನಿಗದಿ ಮಾಡಬೇಡಿ. ಮಗು ಕಂಠಪಾಠ ಮುಗಿಸಿದ ದಿನ ಮನೆಮಂದಿಯೆಲ್ಲ ಸೇರಿ ಸಂತೋಷಪಡಿ, ಅಪ್ಪಿಕೊಳ್ಳಿ, ಮನಸ್ಸಾದರೆ ಉಡುಗೊರೆಯನ್ನೂ ಕೊಡಿ. ಮೊದಲೇ ಹೇಳಿದ ಬಹುಮಾನ ಬೆಲೆಯಾಗುತ್ತದೆ, ಹೇಳದೆ ಬಂದ ಉಡುಗೊರೆ ಪ್ರೀತಿಯಾಗುತ್ತದೆ.

ಜಮಾಅತ್ ಸಮಿತಿಗಳಿಗೂ ಕೆಲವು ಮಾತು. ಆಯವ್ಯಯ ಸಿದ್ಧಪಡಿಸುವಾಗ ಕಾರ್ಪೆಟ್ ಮತ್ತು ಮಿನಾರದ ದೀಪಗಳಿಗಿಂತ ಮೊದಲು ಇಮಾಮ್, ಮುಅದ್ದಿನ್ ಮತ್ತು ಮದ್ರಸ ಉಸ್ತಾದರ ವೇತನವನ್ನು ಬರೆಯಿರಿ. ಆ ಊರಿನಲ್ಲಿ ಒಂದು ಸಾಮಾನ್ಯ ಕುಟುಂಬ ಮಾನದಿಂದ ಬದುಕಲು ಎಷ್ಟು ಬೇಕೋ ಅದನ್ನೇ ಅಳತೆಗೋಲಾಗಿಸಿರಿ. ವಾರಕ್ಕೊಂದು ದಿನ ಬಿಡುವು, ಚಿಕಿತ್ಸೆಯ ನೆರವು, ಮುಪ್ಪಿಗೊಂದು ನಿಧಿ ಇವೆಲ್ಲವನ್ನೂ ಬರವಣಿಗೆಯಲ್ಲಿಡಿ. ತಿಂಗಳ ನಿಗದಿತ ದಿನ, ಅವರು ಕೇಳುವ ಮುನ್ನ ತಲುಪಿಸಿರಿ. ಅದಾದ ಮೇಲೆ ಇಖ್ಲಾಸಿನ ಕುರಿತು ಮಾತನಾಡುವ ಅಧಿಕಾರ ಇಮಾಮರಿಗಿರಲಿ, ಕೇಳುವ ಸರದಿ ನಮ್ಮದಾಗಲಿ.

ವೇತನ ಪಡೆದು ದುಡಿಯುವ ನಮ್ಮೆಲ್ಲರಿಗೂ ಇದರಲ್ಲಿ ಪಾಠವಿದೆ. ಶಿಕ್ಷಕ, ಚಾಲಕ, ದರ್ಜಿ, ಗಲ್ಫ್‌ನಲ್ಲಿರುವ ಕಾರ್ಮಿಕ ಯಾರೇ ಆಗಲಿ, ಸಂಬಳ ಪಡೆದ ಮಾತ್ರಕ್ಕೆ ನಿಯ್ಯತ್ ಕಳೆದುಹೋಗುವುದಿಲ್ಲ. ಹಲಾಲಾದ ಸಂಪಾದನೆಯಿಂದ ಮಕ್ಕಳನ್ನು ಸಾಕುವುದೂ ಪುಣ್ಯಕರ್ಮವೇ. ಸಂಬಳ ನಮ್ಮ ಸಮಯಕ್ಕೆ ಸಿಗುತ್ತದೆ. ಯಾರ ಕಣ್ಣೂ ತಲುಪದ ಹೊಲಿಗೆಯ ಒಳಮಗ್ಗುಲನ್ನೂ ಅಚ್ಚುಕಟ್ಟಾಗಿ ಹೊಲಿಯುವ ದರ್ಜಿ ಆ ಹೆಚ್ಚಿನ ಶ್ರದ್ಧೆಯ ಲೆಕ್ಕವನ್ನು ಗಿರಾಕಿಯ ಮುಂದಿಡುವುದಿಲ್ಲ. ಅದು ಅವನ ಮತ್ತು ಅವನ ಪ್ರಭುವಿನ ನಡುವಿನದು.

ಮುಂದೂಡಲ್ಪಟ್ಟ ಆ ವಿಷಯ ಈ ಬಾರಿಯ ಸಭೆಯ ಮುಂದೆ ಮತ್ತೆ ಬರಲಿದೆ. ಅಂದು ತಲೆದೂಗಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಬಾರಿ ಎದ್ದು ನಿಲ್ಲುವ ಹೊಣೆಯೂ ನನ್ನ ಮೇಲಿದೆ. ಇಂದು ಬೆಳಿಗ್ಗೆಯೂ ಫಜ್ರ್‌ಗೆ ಹೋದಾಗ ಮಸೀದಿಯ ದೀಪ ಉರಿಯುತ್ತಿತ್ತು, ನೀರಿನ ತೊಟ್ಟಿ ತುಂಬಿತ್ತು, ಇಮಾಮರು ಮಿಹ್ರಾಬಿನ ಬಳಿ ಇದ್ದರು. ಒಂದು ವರ್ಷದಿಂದ ಅವರು ತಮ್ಮ ಪಾಲಿನ ಇಖ್ಲಾಸನ್ನು ಯಾರೂ ಕೇಳದೆಯೇ ಸಲ್ಲಿಸುತ್ತಿದ್ದಾರೆ. ನಮ್ಮ ಪಾಲಿನ ಕೂಲಿ ಇನ್ನೂ ಬಾಕಿಯಿದೆ. ಅದನ್ನು ತೀರಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ.